ಸುಮ್ಮನಿರುವ ನಾಯಿ ನೆಮ್ಮದಿಯಾಗಿದೆ ಅಂತಲ್ಲ: ರೊಮೇನಿಯಾದಿಂದ ಬಂದ ನೋರಾಳ ಪ್ರಕರಣ

ನೋರಾಗೆ ಸುಮಾರು ಎರಡು ವರ್ಷ. ಮಧ್ಯಮ ಗಾತ್ರದ ಹೆಣ್ಣು ನಾಯಿ, ಕಂದು ಮೈ, ಒಂದು ಕಿವಿಯ ತುದಿ ಹರಿದಿದೆ. ರೊಮೇನಿಯಾದ ಒಂದು ಶೆಲ್ಟರ್‌ನಿಂದ ಇಂಗ್ಲೆಂಡಿನಲ್ಲಿರುವ ಒಂದು ಕನ್ನಡ ಕುಟುಂಬಕ್ಕೆ ದತ್ತು ಬಂದಳು. ಮನೆಯಲ್ಲಿ ಗಂಡ, ಹೆಂಡತಿ, ಹತ್ತು ವರ್ಷದ ಮಗಳು. ಹಿಂದೆ ಬೇಲಿ ಹಾಕಿದ ಸಣ್ಣ ಹಿತ್ತಲು. ಮೊದಲು ಒಂದು ನಾಯಿ ಸಾಕಿದ್ದರು, ಅದು ಮರಿಯಿಂದಲೇ ಮನೆಯೊಳಗೆ ಬೆಳೆದದ್ದು. ಹಾಗಾಗಿ ನಾಯಿ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಆದರೆ ಇಂಥ ನಾಯಿ ಅವರಿಗೆ ಹೊಸದು.

ನಾಯಿಗಳ ನಡವಳಿಕೆ ಬಗ್ಗೆ ಸಾಕುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಕುಟುಂಬದ ಒಪ್ಪಿಗೆ ಪಡೆದು, ಅವರ ಗುರುತು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ನೋರಾ ಬಂದ ಮೂರನೇ ವಾರ ತಾಯಿ ವಿಡಿಯೊ ಕಾಲ್ ಮಾಡಿದರು.

"ತುಂಬಾ ಸಾಧು ನಾಯಿ ಮೇಡಂ. ಬೊಗಳಲ್ಲ, ಕಚ್ಚಲ್ಲ. ಎತ್ತಿಕೊಂಡರೂ ಸುಮ್ನೆ ಇರ್ತಾಳೆ. ಆದರೆ ನಮ್ಮ ಎದುರಿಗೆ ಒಂದು ತುತ್ತು ತಿನ್ನಲ್ಲ. ಯಾಕಿರಬಹುದು?"

ಹಿಂದಿನ ದಿನ ತೆಗೆದ ವಿಡಿಯೊ ಇದೆಯಾ ಅಂತ ಕೇಳಿದೆ. ಇತ್ತು. ಅರ್ಧ ನಿಮಿಷದ್ದು. ನೋರಾ ಸೋಫಾದ ಹಿಂದೆ ಮೂಲೆಗೆ ಮೈ ಒತ್ತಿಕೊಂಡಿದ್ದಾಳೆ. ನಾಲ್ಕೂ ಕಾಲು ಮೈಯ ಕೆಳಗೆ, ಬಾಲ ಹೊಟ್ಟೆಗೆ ಅಂಟಿದೆ, ಕಿವಿ ಹಿಂದಕ್ಕೆ ಮಲಗಿದೆ. ಮುಖ ಗೋಡೆಯ ಕಡೆ, ಕಣ್ಣು ಮಾತ್ರ ಈ ಕಡೆ ತಿರುಗಿ ಅಂಚಿನಲ್ಲಿ ಬಿಳಿ ಭಾಗ ಕಾಣುತ್ತದೆ. ತಂದೆ ಪ್ರೀತಿಯಿಂದ ಮಾತಾಡಿಸುತ್ತಾ ಹತ್ತಿರ ಬರುತ್ತಾರೆ. ನಾಲಿಗೆ ಮೂಗಿನ ಮೇಲೆ ಒಮ್ಮೆ ಹಾದು ಒಳಗೆ ಹೋಗುತ್ತದೆ. ಬಾಯಿ ಬಿಗಿಯುತ್ತದೆ. ತಂದೆಯ ಕೈ ಬೆನ್ನಿನ ಮೇಲೆ ಬೀಳುತ್ತದೆ, ಉದ್ದಕ್ಕೂ ಸವರುತ್ತದೆ. ನೋರಾ ಕೊಂಚವೂ ಅಲುಗುವುದಿಲ್ಲ. ಪಕ್ಕೆ ನೋಡಿದರೆ ಉಸಿರಾಟವೇ ನಿಂತ ಹಾಗಿದೆ. "ನೋಡು, ಎಷ್ಟು ಚೆನ್ನಾಗಿ ಮುಟ್ಟಿಸಿಕೊಳ್ತಾಳೆ" ಅಂತ ಹಿಂದಿನಿಂದ ಯಾರೋ ಹೇಳುವುದು ಕೇಳುತ್ತದೆ.

ಪ್ರಕರಣದ ತಿರುಳೆಲ್ಲ ಆ ಅರ್ಧ ನಿಮಿಷದಲ್ಲಿದೆ. ಹೆದರಿದ ಪ್ರಾಣಿ ಓಡಬಹುದು, ಎದುರಿಸಬಹುದು. ಎರಡಕ್ಕೂ ದಾರಿ ಇಲ್ಲದಿದ್ದರೆ ಕಲ್ಲಾಗುತ್ತದೆ. ನೋರಾ ಮುಟ್ಟಿಸಿಕೊಳ್ಳುತ್ತಿರಲಿಲ್ಲ, ಸಹಿಸಿಕೊಳ್ಳುತ್ತಿದ್ದಳು. ಈ ಕುಟುಂಬದವರು ಒಳ್ಳೆಯವರು. ಅವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ದಿನಕ್ಕೆ ಹತ್ತಾರು ಸಲ ಆ ಪ್ರೀತಿ ಅವಳ ಬಳಿ ಹೋಗಿ, ತಪ್ಪಿಸಿಕೊಳ್ಳಲು ಜಾಗ ಇಲ್ಲದ ಕಡೆ ಅವಳನ್ನು ಮುಟ್ಟಿ ಬರುತ್ತಿತ್ತು. ಹಾಗಿರುವಾಗ ಅವರ ಎದುರಿಗೆ ಅವಳಿಗೆ ಊಟ ಇಳಿಯುವುದಾದರೂ ಹೇಗೆ?

ಅವಳು ಬಂದ ಕಡೆ

ರೊಮೇನಿಯಾದಲ್ಲಿ ಬೀದಿನಾಯಿಗಳ ಸಮಸ್ಯೆ ಹಳೆಯದು. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಹಳೆಯ ಮನೆಗಳನ್ನು ಕೆಡವಿ ಜನರನ್ನು ಅಪಾರ್ಟ್‌ಮೆಂಟುಗಳಿಗೆ ಕಳಿಸಿದಾಗ ಸಾಕಿದ ನಾಯಿಗಳು ಬೀದಿಪಾಲಾದವು. 2013ರ ಸೆಪ್ಟೆಂಬರಿನಲ್ಲಿ ಬುಕಾರೆಸ್ಟ್‌ನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ನಾಯಿಗಳ ದಾಳಿಯಲ್ಲಿ ಸತ್ತ. ಕೆಲವೇ ದಿನಗಳಲ್ಲಿ ಅಲ್ಲಿನ ಸಂಸತ್ತು ಕಾನೂನು ಬದಲಿಸಿತು. ಹಿಡಿದು ತಂದ ನಾಯಿಯನ್ನು 14 ಕೆಲಸದ ದಿನಗಳೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ, ದತ್ತು ಪಡೆಯದಿದ್ದರೆ ಸರ್ಕಾರಿ ಶೆಲ್ಟರ್‌ಗಳು ಅದನ್ನು ಕೊಲ್ಲಬಹುದು. ಅಲ್ಲಿನ ನಾಯಿಗಳನ್ನು ಬ್ರಿಟನ್, ಜರ್ಮನಿಯಂಥ ದೇಶಗಳಿಗೆ ಕಳಿಸುವ ಕೆಲಸ ಜೋರಾಗಲು ಇದೂ ಒಂದು ಕಾರಣ. ಕಳಿಸುವವರ ಆತುರ ನನಗೆ ಅರ್ಥವಾಗುತ್ತದೆ. ಆದರೆ ಆ ಆತುರದಲ್ಲಿ ಎಲ್ಲ ನಾಯಿಗೂ ಒಂದೇ ವಿವರಣೆ ಅಂಟಿಕೊಳ್ಳುತ್ತದೆ: "ಸ್ವಲ್ಪ ನಾಚಿಕೆ ಸ್ವಭಾವ, ಪ್ರೀತಿ ಕೊಟ್ಟರೆ ಅರಳುತ್ತಾಳೆ." ನೋರಾ ಬಗ್ಗೆಯೂ ಅದೇ ಸಾಲು ಇತ್ತು.

ನಾಚಿಕೆ ಬೇರೆ, ಮನುಷ್ಯರ ಜೊತೆ ಬಾಳುವುದನ್ನೇ ಕಲಿಯದಿರುವುದು ಬೇರೆ. ನಾಯಿಮರಿಗೆ ಹುಟ್ಟಿದ ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ ಒಂದು ಕಾಲಾವಕಾಶ ಇರುತ್ತದೆ. ಆಗ ಕಂಡದ್ದು, ಮೂಸಿದ್ದು, ಕೇಳಿದ್ದು ಎಲ್ಲ "ಇದು ಮಾಮೂಲಿ" ಅಂತ ಮನಸ್ಸಿನಲ್ಲಿ ಕೂರುತ್ತದೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ಸಂಶೋಧಕರು 1961ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮರಿಗಳನ್ನು ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವನ್ನು ಒಂದು ವಾರ ಮಾತ್ರ ಒಳಗೆ ತಂದು ಮಾತಾಡಿಸಿದರು. 14 ವಾರದವರೆಗೆ ಮನುಷ್ಯರ ಬಳಕೆಯೇ ಸಿಗದ ಮರಿಗಳು ಆಮೇಲೆ ಕಾಡುಪ್ರಾಣಿಗಳ ಹಾಗೆ ನಡೆದುಕೊಂಡವು. ಯಾರೂ ಅವಕ್ಕೆ ಹೊಡೆದಿರಲಿಲ್ಲ, ಹಿಂಸೆ ಕೊಟ್ಟಿರಲಿಲ್ಲ. ಸಿಗಬೇಕಾದ ಸಮಯದಲ್ಲಿ ಮನುಷ್ಯರು ಸಿಗಲಿಲ್ಲ, ಅಷ್ಟೇ.

ಇದನ್ನು ತಾಯಿಗೆ ಹೇಳಿದಾಗ ಅವರಿಗೆ ಒಂದು ರೀತಿ ಸಮಾಧಾನ ಆಯಿತು. "ಪಾಪ, ಯಾರು ಎಷ್ಟು ಹೊಡೆದಿದ್ದರೋ" ಅಂತ ಮೂರು ವಾರದಿಂದ ಕೊರಗುತ್ತಿದ್ದರು. ಹೊಡೆದಿರಲೂಬಹುದು. ಆದರೆ ಕೈ ಎತ್ತಿದ ಕೂಡಲೇ ಮುದುಡುವ ನಾಯಿಗೆಲ್ಲ ಹೊಡೆತದ ಕಥೆ ಕಟ್ಟಬೇಕಾಗಿಲ್ಲ. ನೋರಾ ಶೆಲ್ಟರ್‌ಗೆ ಬಂದಾಗ ಆಗಲೇ ದೊಡ್ಡವಳು. ಟಿ.ವಿ., ಮೆಟ್ಟಿಲು, ನುಣುಪು ನೆಲ, ವಾಷಿಂಗ್ ಮಷಿನ್ ಸದ್ದು, ಮುಚ್ಚುವ ಬಾಗಿಲು, ಕುತ್ತಿಗೆಗೆ ಬೆಲ್ಟು, ಎಲ್ಲವೂ ಅವಳಿಗೆ ಮೊದಲ ಸಲ. ಅದೂ ಎರಡು ಮೂರು ದಿನ ವ್ಯಾನಿನಲ್ಲಿ ಕುಲುಕಾಡಿ ಬಂದ ಮೇಲೆ.

ಕಾಗದಪತ್ರ ಮತ್ತು ಕಾಯಿಲೆ

ಕಾಗದಪತ್ರ ಸರಿಯಾಗಿಯೇ ಇತ್ತು. ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್, ಅದಾದ ಮೇಲೆ ರೇಬಿಸ್ ಲಸಿಕೆ, ಲಸಿಕೆ ಆಗಿ 21 ದಿನದ ಕಾಯುವಿಕೆ, ಬ್ರಿಟನ್ ತಲುಪುವ 24ರಿಂದ 120 ಗಂಟೆ ಮುಂಚೆ ಲಾಡಿಹುಳಕ್ಕೆ ಔಷಧಿ. ಚಿಪ್ ಮಾತ್ರ ರೊಮೇನಿಯಾದ ದಾಖಲೆಯಲ್ಲೇ ಇತ್ತು. ಬ್ರಿಟನ್ನಿನ ದಾಖಲೆಗೆ ಅದೇ ವಾರ ತಮ್ಮ ಹೆಸರಲ್ಲಿ ಸೇರಿಸಿ ಅಂದೆ. ಇಲ್ಲದಿದ್ದರೆ ನಾಯಿ ಕಳೆದರೆ, ಸಿಕ್ಕವರು ಚಿಪ್ ಓದಿಸಿದರೂ ಮನೆಯವರ ಫೋನ್ ನಂಬರ್ ಸಿಗುವುದಿಲ್ಲ.

ರಕ್ತಪರೀಕ್ಷೆಯ ಹಾಳೆಯಲ್ಲಿ ಎಲ್ಲದರ ಮುಂದೆಯೂ ನೆಗೆಟಿವ್ ಅಂತಿತ್ತು. ಅಷ್ಟಕ್ಕೇ ನಿಶ್ಚಿಂತೆ ಆಗುವ ಹಾಗಿಲ್ಲ. ಸೊಳ್ಳೆಯಿಂದ ಬರುವ ಹೃದಯದ ಹುಳು ಸೋಂಕು ತಗುಲಿ ಸುಮಾರು ಆರು ತಿಂಗಳಾಗುವವರೆಗೆ ಪರೀಕ್ಷೆಯಲ್ಲಿ ಸಿಕ್ಕದೇ ಹೋಗಬಹುದು. ಇನ್ನೊಂದು ಬ್ರೂಸೆಲ್ಲಾ ಕ್ಯಾನಿಸ್ ಅನ್ನುವ ಬ್ಯಾಕ್ಟೀರಿಯಾ. ಹೊರಗಿಂದ ನೋಡಿದರೆ ನಾಯಿ ಆರೋಗ್ಯವಾಗಿಯೇ ಕಾಣಬಹುದು. ಆ್ಯಂಟಿಬಯಾಟಿಕ್ ಕೊಟ್ಟರೂ ಪೂರ್ತಿ ಹೋಯಿತು ಅನ್ನುವ ಭರವಸೆ ಇಲ್ಲ. ಮುಖ್ಯವಾಗಿ ಹೆರಿಗೆ, ಗರ್ಭಪಾತದ ಸ್ರಾವಗಳಿಂದ ಹರಡುತ್ತದೆ, ಮನುಷ್ಯರಿಗೂ ತಗಲಬಹುದು. 2021ರಿಂದ ಬ್ರಿಟನ್ನಿನಲ್ಲಿ ಇದು ಪತ್ತೆಯಾದರೆ ಸರ್ಕಾರಕ್ಕೆ ತಿಳಿಸಲೇಬೇಕು. ನೋರಾಳ ಮನೆಯಲ್ಲಿ ಮಗು ಇದೆ. ಹಾಗಾಗಿ ಬಂದು ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ ಅವರ ವೆಟ್ ಡಾಕ್ಟರ್ ಹೇಳಿದರು. ಮಾಡಿಸಿದರು, ನೆಗೆಟಿವ್ ಬಂತು.

ಏನು ಬದಲಾಯಿಸಿದೆವು

ಮೊದಲನೆಯದು, ಮುಟ್ಟುವುದನ್ನು ಪೂರ್ತಿ ನಿಲ್ಲಿಸುವುದು. ಕರೆಯುವುದಿಲ್ಲ, ಬಗ್ಗಿ ನೋಡುವುದಿಲ್ಲ, ಎತ್ತಿ ಹಿತ್ತಲಿಗೆ ಒಯ್ಯುವುದಿಲ್ಲ. ತಂದೆಗೆ ಇದು ತುಂಬಾ ಕಷ್ಟ ಆಯಿತು. "ಮಾತೇ ಆಡಿಸದಿದ್ದರೆ ನಮ್ಮನ್ನ ಹೇಗೆ ಹಚ್ಚಿಕೊಳ್ತಾಳೆ?" ಅಂದರು. ನ್ಯಾಯವಾದ ಪ್ರಶ್ನೆ. ಹಚ್ಚಿಕೊಳ್ಳಬೇಕಾದರೆ ಮೊದಲು ಅವಳಿಗೆ ಒಂದು ವಿಷಯ ಖಾತ್ರಿ ಆಗಬೇಕು: ಈ ಜನ ನಾನು ಬೇಡ ಅಂದಾಗ ಬರುವುದಿಲ್ಲ. ಅದು ಖಾತ್ರಿಯಾಗುವವರೆಗೆ ಉಳಿದ ಯಾವ ಪಾಠವೂ ತಲೆಗೆ ಹೋಗುವುದಿಲ್ಲ.

ಎರಡನೆಯದು ಜಾಗ. ಸೋಫಾದ ಹಿಂದಿನ ಮೂಲೆಗೆ ದಾರಿ ಒಂದೇ ಕಡೆ ಇತ್ತು. ಸೋಫಾವನ್ನು ಗೋಡೆಯಿಂದ ಎಳೆದು ಎರಡು ಕಡೆಯೂ ತೆರೆದೆವು. ಯಾರಾದರೂ ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆಯಿಂದ ಹೋಗಬಹುದು. ಹಿತ್ತಲ ಬಾಗಿಲಿನವರೆಗೆ ರಬ್ಬರ್ ಮ್ಯಾಟ್ ಹಾಸಿದರು. ನುಣುಪು ನೆಲದ ಮೇಲೆ ಕಾಲು ಜಾರುವುದಕ್ಕೆ ಹೆದರಿ ಅವಳು ಅತ್ತ ಹೋಗುತ್ತಲೇ ಇರಲಿಲ್ಲ. ಮೂತ್ರವನ್ನು ಒಂದು ದಿನದಷ್ಟು ಹೊತ್ತು ಕಟ್ಟಿಕೊಂಡಿದ್ದು, ಕೊನೆಗೆ ಮೂಲೆಯಲ್ಲೇ ಮಾಡುತ್ತಿದ್ದಳು. ಮ್ಯಾಟ್ ಹಾಸಿದ ಮೇಲೆ, ಮನೆಯವರು ಮೇಲೆ ಮಲಗಲು ಹೋದ ಹೊತ್ತಿಗೆ ಬಾಗಿಲು ತೆರೆದಿಟ್ಟರೆ ತಾನೇ ಹೊರಗೆ ಹೋಗಿ ಬರತೊಡಗಿದಳು.

ಇದು ಹೇಗೆ ಗೊತ್ತಾಯಿತೆಂದರೆ, ಹಾಲ್‌ನಲ್ಲಿ ಒಂದು ಸಣ್ಣ ಕ್ಯಾಮೆರಾ ಇಡಿಸಿದ್ದೆ. ಇಂಥ ಪ್ರಕರಣಗಳಲ್ಲಿ ಕ್ಯಾಮೆರಾದಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಹಗಲಿಡೀ ಕಲ್ಲಿನ ಹಾಗೆ ಕೂತ ನಾಯಿ ರಾತ್ರಿ ಎರಡು ಗಂಟೆಗೆ ಎದ್ದು ಮೈ ಕೊಡವಿತು. ಮೈ ಮುರಿಯಿತು. ಬಟ್ಟಲಿಗೆ ಹೋಗಿ ಪೂರ್ತಿ ತಿಂದಿತು. ಆಮೇಲೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಹೋಗಿ ಒಂದೊಂದೇ ಜೊತೆ ಮೂಸಿ ನೋಡಿತು. ಮಗಳ ಶೂ ಹತ್ತಿರ ಜಾಸ್ತಿ ಹೊತ್ತು ನಿಂತಿತು. ಒಂದು ಶೂ ಕಚ್ಚಿ ಎರಡು ಹೆಜ್ಜೆ ಎಳೆದು, ಅಲ್ಲೇ ಬಿಟ್ಟು, ಅದರ ಪಕ್ಕ ಕೂತಿತು. ಈ ವಿಡಿಯೊ ನೋಡಿ ತಾಯಿ ಅತ್ತುಬಿಟ್ಟರು. ನೋರಾಗೆ ಈ ಮನೆಯ ಬಗ್ಗೆ ಕುತೂಹಲ ಇತ್ತು. ನಾವು ಎದುರಿಗಿದ್ದಾಗ ಅದನ್ನು ತೋರಿಸುವ ಧೈರ್ಯ ಇರಲಿಲ್ಲ.

ಮಗಳಿಗೆ ಒಂದು ಕೆಲಸ ಕೊಟ್ಟೆ. ದಿನಾ ಸಂಜೆ ಹಾಲ್‌ನ ಆ ತುದಿಯಲ್ಲಿ ನೆಲದ ಮೇಲೆ, ನೋರಾಗೆ ಬೆನ್ನು ಹಾಕಿ ಕೂತು, ಶಾಲೆಯ ಪುಸ್ತಕ ಗಟ್ಟಿಯಾಗಿ ಓದುವುದು. ಆಗಾಗ ತಿರುಗಿ ನೋಡದೆ ಬೇಯಿಸಿದ ಕೋಳಿಯ ಚೂರೊಂದನ್ನು ಹಿಂದಕ್ಕೆ ಎಸೆಯುವುದು. ಎಸೆಯುವುದರಲ್ಲೂ ಒಂದು ಲೆಕ್ಕ ಇದೆ. ಕೈಯಲ್ಲಿ ತಿಂಡಿ ಹಿಡಿದು "ಬಾ ಬಾ" ಅಂದರೆ ಹೆದರಿದ ನಾಯಿ ಕುತ್ತಿಗೆ ಉದ್ದ ಮಾಡಿ, ಹಿಂಗಾಲು ಹಿಂದೆಯೇ ಊರಿಕೊಂಡು ಬರುತ್ತದೆ. ಹಸಿವು ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ. ತಿಂದು ಮುಗಿದ ಕೂಡಲೇ ತಾನು ಎಲ್ಲಿದ್ದೇನೆ ಅಂತ ಅರಿವಾಗಿ ಗಾಬರಿ ಬೀಳುತ್ತದೆ. ಅದೇ ಚೂರನ್ನು ನಾಯಿಯ ಆಚೆಗೆ ಎಸೆದರೆ, ತಿನ್ನಲು ಅದು ನಮ್ಮಿಂದ ದೂರ ಹೋಗುತ್ತದೆ. ದೂರ ಹೋದಾಗ ಎದೆ ಹಗುರಾಗುತ್ತದೆ. ಹಗುರಾದ ಮೇಲೆ ತಾನಾಗಿ ಒಂದು ಹೆಜ್ಜೆ ಈ ಕಡೆ ಬರುತ್ತದೆ. ಹತ್ತಿರ ಬರುವ ತೀರ್ಮಾನ ಅದರದ್ದೇ ಆಗಿರುತ್ತದೆ.

ಮೊದಮೊದಲು ಚೂರುಗಳು ಬಿದ್ದಲ್ಲೇ ಇರುತ್ತಿದ್ದವು. ಆಮೇಲೆ ಓದು ಮುಗಿಸಿ ಮಗು ಎದ್ದು ಹೋದ ಮೇಲೆ ಮಾಯವಾಗತೊಡಗಿದವು. ಆಮೇಲೆ ಓದುತ್ತಿರುವಾಗಲೇ. ಒಂದು ಸಂಜೆ ಮಗುವಿನ ಜಡೆಯ ತುದಿಗೆ ತಣ್ಣಗೆ ಏನೋ ತಾಗಿತು. ಹುಡುಗಿ ತಿರುಗಲಿಲ್ಲ, ಓದು ನಿಲ್ಲಿಸಲಿಲ್ಲ. ದೊಡ್ಡವರಾದ ನಮಗೂ ಅಷ್ಟು ತಾಳ್ಮೆ ಇರುವುದು ಕಷ್ಟ. ಆ ಮಗುವನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ.

ದತ್ತು ಪಡೆದವರ ನಡುವೆ ಒಂದು ಮಾತು ಓಡಾಡುತ್ತಿರುತ್ತದೆ: ಮೂರು ದಿನಕ್ಕೆ ಸುಧಾರಿಸಿಕೊಳ್ಳುತ್ತದೆ, ಮೂರು ವಾರಕ್ಕೆ ಹೊಂದಿಕೊಳ್ಳುತ್ತದೆ, ಮೂರು ತಿಂಗಳಿಗೆ ಮನೆಯದಾಗುತ್ತದೆ. ಮನುಷ್ಯರ ಜೊತೆ ಬೆಳೆದ ನಾಯಿಗೆ ಇದು ಹೊಂದಬಹುದು. ನೋರಾಳಂಥವರಿಗೆ ಈ ಲೆಕ್ಕ ಹಾಕಿ ಕೂತರೆ ನಾಲ್ಕನೇ ತಿಂಗಳಿಗೆ ಮನೆಯವರು ಸೋತುಹೋಗುತ್ತಾರೆ. ಈ ಮನೆಯಲ್ಲೂ ಸೋಲುವ ಹಂತ ಬಂದಿತ್ತು.

ಗುರ್ ಅಂದ ದಿನ

ಮನೆಗೆ ನೆಂಟರು ಬಂದಿದ್ದರು. ನೋರಾ ಆಗ ಸೋಫಾದ ಮುಂದೆ ಮಲಗುವಷ್ಟು ಮುಂದುವರಿದಿದ್ದಳು. ಬಂದವರಲ್ಲಿ ಒಬ್ಬರು "ನಂಗೆ ಎಲ್ಲ ನಾಯಿನೂ ಹೊಂದ್ಕೊಳ್ಳುತ್ತೆ" ಅನ್ನುತ್ತಾ ತಲೆಯ ಮೇಲೆ ಕೈ ಇಡಲು ಬಗ್ಗಿದರು. ನೋರಾ ತುಟಿ ಎತ್ತಿ ಗುರ್ ಅಂದಳು. ತಂದೆ ಜೋರಾಗಿ ಗದರಿದರು. ಅವಳು ಮತ್ತೆ ಮೂಲೆ ಸೇರಿದಳು, ಹಲವು ದಿನ ಹೊರಗೆ ಬರಲಿಲ್ಲ. "ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಪ್ರತಿಫಲ" ಅಂತ ತಾಯಿ ನೊಂದುಕೊಂಡು ಫೋನ್ ಮಾಡಿದರು. ಮಗು ಇರುವ ಮನೆ, ಭಯ ಸಹಜ.

ನನಗೆ ಮಾತ್ರ ಈ ಸುದ್ದಿ ಕೇಳಿ ಸಮಾಧಾನವೇ ಆಯಿತು. ಕಲ್ಲಾಗುತ್ತಿದ್ದ ನಾಯಿ ಮೊದಲ ಸಲ "ಬೇಡ" ಅಂದಿದೆ. ಈ ಮನೆಯಲ್ಲಿ ಬೇಡ ಅಂದರೆ ಕೇಳುತ್ತಾರೆ ಅನ್ನುವ ನಂಬಿಕೆ ಹುಟ್ಟಿದ್ದರಿಂದಲೇ ಅಂದಿದೆ. ಗುರ್ ಅನ್ನುವುದು ಕಚ್ಚುವುದಕ್ಕೆ ಮುಂಚಿನ ಎಚ್ಚರಿಕೆ. ಗದರಿ ಅದನ್ನು ಅಡಗಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ನೇರ ಹಲ್ಲೇ ಬೀಳುತ್ತದೆ. ತಂದೆಗೆ ಇದನ್ನು ವಿವರಿಸಿ ಹೇಳಿದೆ. ಆಮೇಲಿಂದ ನೆಂಟರು ಬಂದರೆ ನೋರಾಳನ್ನು ಗೇಟ್ ಹಾಕಿದ ಪಕ್ಕದ ಕೋಣೆಯಲ್ಲಿ ಬಿಡುವುದು ರೂಢಿಯಾಯಿತು. ಮಗುವನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬಾರದು ಅನ್ನುವ ನಿಯಮ ಮೊದಲಿಂದಲೂ ಇತ್ತು, ಅದನ್ನು ಸಡಿಲ ಮಾಡಲಿಲ್ಲ.

ರಕ್ಷಿಸಿ ತಂದ ನಾಯಿಗೆ ಕೃತಜ್ಞತೆ ಇರುತ್ತದೆ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ನೋರಾ ಯಾರನ್ನೂ ತನ್ನನ್ನು ಕಾಪಾಡಿ ಅಂತ ಕೇಳಿರಲಿಲ್ಲ. ಗೊತ್ತಿದ್ದ ಜಾಗ, ಗೊತ್ತಿದ್ದ ನಾಯಿಗಳು, ಗೊತ್ತಿದ್ದ ವಾಸನೆ ಎಲ್ಲವನ್ನೂ ಬಿಡಿಸಿ ತಂದಿದ್ದೇವೆ. ಅವಳ ಒಳ್ಳೆಯದಕ್ಕೇ ತಂದಿರಬಹುದು. ಆದರೆ ಅವಳು ನಮಗೆ ಏನೂ ಬಾಕಿ ಇಟ್ಟುಕೊಂಡಿಲ್ಲ.

ಬೆಲ್ಟು ಜಾರಿದ ಬೆಳಗು

ಹೊರದೇಶದಿಂದ ಬಂದ ಅಂಜುಬುರುಕ ನಾಯಿಗಳ ವಿಷಯದಲ್ಲಿ ನನಗಿರುವ ದೊಡ್ಡ ಆತಂಕ ಅವು ತಪ್ಪಿಸಿಕೊಳ್ಳುವುದು. ಭಯ ಹೊಕ್ಕ ನಾಯಿ ಹೆಸರು ಹಿಡಿದು ಕೂಗಿದರೆ ಬರುವುದಿಲ್ಲ, ಕೆಲವೊಮ್ಮೆ ಅನ್ನ ಹಾಕಿದವರನ್ನು ಕಂಡರೂ ಓಡುತ್ತದೆ. ಅದಕ್ಕೇ ಶುರುವಿನಲ್ಲೇ ಹೇಳಿದ್ದೆ. ಬಾಗಿಲಿನಾಚೆ ಎರಡು ಹಗ್ಗ ಇರಲೇಬೇಕು. ಒಂದು ಕುತ್ತಿಗೆಯ ಬೆಲ್ಟಿಗೆ, ಇನ್ನೊಂದು ಹಾರ್ನೆಸ್‌ಗೆ, ಅಂದರೆ ಎದೆ ಭುಜ ಸುತ್ತಿ ಹಾಕುವ ಪಟ್ಟಿಗೆ. ಹಾರ್ನೆಸ್‌ಗೆ ಪಕ್ಕೆಲುಬಿನ ಹಿಂದೆ, ಸೊಂಟದ ಸಣ್ಣ ಭಾಗಕ್ಕೆ ಬರುವ ಇನ್ನೊಂದು ಪಟ್ಟಿ ಇರಬೇಕು. ಮಾಮೂಲಿ ಹಾರ್ನೆಸ್‌ನಿಂದ ನಾಯಿ ಹಿಂದಕ್ಕೆ ಜಗ್ಗಿ ಕ್ಷಣದಲ್ಲಿ ಹೊರಬರುತ್ತದೆ. ಈ ಪಟ್ಟಿ ಎದೆಗೂಡನ್ನು ದಾಟಿ ಬರುವುದಿಲ್ಲ. ಬೆಲ್ಟಿಗೆ ಜಿಪಿಎಸ್ ಟ್ರ್ಯಾಕರ್.

ಒಂದು ಬೆಳಗ್ಗೆ ವೆಟ್ ಡಾಕ್ಟರ ಕ್ಲಿನಿಕ್‌ಗೆ ಹೋದಾಗ, ಪಾರ್ಕಿಂಗ್‌ನಲ್ಲಿ ಯಾರೋ ಕಾರಿನ ಹಿಂಬಾಗಿಲನ್ನು ಧಡ್ ಅಂತ ಮುಚ್ಚಿದರು. ನೋರಾ ನೆಲಕ್ಕೆ ಅಂಟಿ, ಹಿಂದಕ್ಕೆ ಜಗ್ಗಿದಳು. ಬೆಲ್ಟು ಕಿವಿ ದಾಟಿ ತಾಯಿಯ ಕೈಗೆ ಬಂತು. ಹಾರ್ನೆಸ್‌ನ ಮುಂದಿನ ಪಟ್ಟಿ ಭುಜದವರೆಗೆ ಬಂತು, ಹಿಂದಿನದು ನಿಂತಿತು. ಆ ಹಗ್ಗ ತಂದೆಯ ಸೊಂಟಕ್ಕೆ ಕಟ್ಟಿತ್ತು. ಇಬ್ಬರೂ ಕೂಗಾಡಲಿಲ್ಲ, ಎಳೆಯಲಿಲ್ಲ, ಅಲ್ಲೇ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅವಳೇ ಕಾರಿನ ಕಡೆ ನಡೆದಳು. ಆ ದಿನ ಡಾಕ್ಟರನ್ನು ಕಾಣಲೇ ಇಲ್ಲ, ಮನೆಗೆ ವಾಪಸ್ ಹೋದರು. ಅದು ಸರಿಯಾದ ತೀರ್ಮಾನ. ಮುಂದಿನ ಸಲ ಡಾಕ್ಟರ್ ಬರೆದುಕೊಟ್ಟ ಆತಂಕ ತಗ್ಗಿಸುವ ಮಾತ್ರೆಯನ್ನು ಮನೆಯಲ್ಲೇ ಮುಂಚಿತವಾಗಿ ಕೊಟ್ಟು ಕರೆತಂದರು. ಡಾಕ್ಟರೇ ಕಾರಿನ ಬಳಿ ಬಂದು ನೋಡಿದರು.

ಅಂದೇ ಇನ್ನೊಂದು ಮಾತೂ ಆಯಿತು. ಐದು ತಿಂಗಳಾದರೂ ಹಗಲಿನ ಸದ್ದುಗಳಿಗೆ ನೋರಾ ನಡುಗುವುದು ಕಡಿಮೆಯಾಗಿರಲಿಲ್ಲ. ಡಾಕ್ಟರ್ ಫ್ಲುಒಕ್ಸೆಟಿನ್ ಅನ್ನುವ, ಆತಂಕ ತಗ್ಗಿಸಲು ದಿನಾ ಕೊಡುವ ಮಾತ್ರೆ ಶುರು ಮಾಡಿದರು. ಮಾತ್ರೆ ಅಂದರೆ ನಾಯಿಯನ್ನು ಮಂಕು ಮಾಡುವುದು ಅಂತ ತಂದೆಗೆ ಬೇಸರ ಇತ್ತು. ಇದು ನಿದ್ದೆ ಮಾತ್ರೆ ಅಲ್ಲ. ನಾಲ್ಕರಿಂದ ಆರು ವಾರ ಬೇಕು ಪರಿಣಾಮ ಕಾಣಲು. ಸದಾ ಭಯದಲ್ಲಿರುವ ಮೆದುಳು ಹೊಸದನ್ನು ಕಲಿಯಲಾರದು. ಭಯದ ಮಟ್ಟ ಸ್ವಲ್ಪ ಇಳಿದರೆ ಆಗ ನಮ್ಮ ಕೋಳಿ ಚೂರಿಗೂ ಬೆಲೆ ಬರುತ್ತದೆ. ಇಲ್ಲಿ ಹಾಗೇ ಆಯಿತು. ಮಾತ್ರೆ ಶುರುವಾದ ಎರಡನೇ ತಿಂಗಳಲ್ಲಿ ಕುಕ್ಕರ್ ಕೂಗಿದಾಗ ನೋರಾ ಬೆಚ್ಚಿದಳು, ಆದರೆ ಓಡದೆ ಅಡುಗೆಮನೆ ಕಡೆ ನೋಡಿ ಮತ್ತೆ ತಲೆ ಕೆಳಗಿಟ್ಟಳು. ಮಂಕಾಗಿರಲಿಲ್ಲ, ಸುಧಾರಿಸಿಕೊಳ್ಳುವುದು ಬೇಗ ಆಗಿತ್ತು.

ಈಗಿನ ಸ್ಥಿತಿ

ಬಂದು ವರ್ಷ ದಾಟಿದೆ. ನೋರಾ ಮನೆಯವರ ಎದುರಿಗೆ ತಿನ್ನುತ್ತಾಳೆ. ಮಗಳ ಕಾಲಿಗೆ ಬೆನ್ನು ತಾಗಿಸಿ ಮಲಗುತ್ತಾಳೆ. ಮುಟ್ಟಬೇಕಾದರೆ ಕೇಳುವ ಕ್ರಮ ಇದೆ: ಎದೆಯ ಪಕ್ಕ ಮೂರು ಸೆಕೆಂಡ್ ಕೆರೆದು ಕೈ ತೆಗೆಯುವುದು. ಅವಳು ಮೂಗಿನಿಂದ ಕೈ ತಿವಿದರೆ ಇನ್ನಷ್ಟು, ಮುಖ ತಿರುಗಿಸಿದರೆ ಅಷ್ಟಕ್ಕೇ ಸಾಕು. ತಂದೆಯ ಬಳಿ ಮಾತ್ರ ಅವರು ಕೂತಿದ್ದಾಗಷ್ಟೇ ಬರುತ್ತಾಳೆ. ಎದ್ದು ನಿಂತರೆ ದೂರ ಸರಿಯುತ್ತಾಳೆ. ರಸ್ತೆಯಲ್ಲಿ ವಾಕಿಂಗ್ ಇನ್ನೂ ಶುರುವಾಗಿಲ್ಲ. ವಾರಕ್ಕೊಂದೆರಡು ಸಲ ಎತ್ತರದ ಬೇಲಿ ಇರುವ ಬಾಡಿಗೆ ಮೈದಾನಕ್ಕೆ ಕಾರಿನಲ್ಲಿ ಒಯ್ಯುತ್ತಾರೆ. ಅಲ್ಲಿ ಓಡುವುದನ್ನು ನೋಡಿದರೆ ಇದೇ ನಾಯಿಯಾ ಅನ್ನಿಸುತ್ತದೆ. ರಸ್ತೆಯ ವಾಕಿಂಗ್ ಅವಳಿಗೆ ಎಂದಿಗೂ ಒಗ್ಗದೇ ಇರಬಹುದು. ವಾಕಿಂಗ್ ಇಲ್ಲದ ನಾಯಿಜೀವನವೂ ಒಳ್ಳೆಯ ಜೀವನ ಆಗಬಹುದು ಅಂತ ನಾನು ಅವರಿಗೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಮಾತ್ರೆ ಸದ್ಯ ಮುಂದುವರಿಯುತ್ತಿದೆ. ಬಿಡಿಸುವುದಾದರೆ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ.

ಇವರನ್ನು ನೋಡಿ ಪರಿಚಯದ ಇನ್ನೊಂದು ಕುಟುಂಬ ತಾವೂ ಒಂದು ನಾಯಿ ತರಿಸುತ್ತೇವೆ ಅಂತ ಹೊರಟಿತು. ಫೋಟೊ ನೋಡಿ ಆಯ್ಕೆಯೂ ಆಗಿತ್ತು. ನೋರಾಳ ಮನೆಯ ತಾಯಿ ಅವರನ್ನು ಕೂರಿಸಿಕೊಂಡು ಕೇಳಿದರಂತೆ: ಆ ನಾಯಿ ಎಂದಾದರೂ ಮನೆಯೊಳಗೆ ಇದ್ದದ್ದುಂಟಾ? ಒಬ್ಬ ಮನುಷ್ಯ ಹತ್ತಿರ ಹೋದಾಗ ಅದು ಏನು ಮಾಡುತ್ತದೆ ಅಂತ ಕತ್ತರಿಸದ ವಿಡಿಯೊ ಕೊಡುತ್ತಾರಾ? ಹೊಂದದಿದ್ದರೆ ಕಳಿಸಿದವರು ವಾಪಸ್ ತೆಗೆದುಕೊಳ್ಳುತ್ತಾರಾ, ಅಲ್ಲಿಯವರೆಗೆ ಇಟ್ಟುಕೊಳ್ಳಲು ಇಲ್ಲೇ ಫೋಸ್ಟರ್ ಮನೆ ಇದೆಯಾ? ಮೂರಕ್ಕೂ ಸರಿಯಾದ ಉತ್ತರ ಸಿಗಲಿಲ್ಲ. ಈಗ ಆ ಕುಟುಂಬ ನೋಡಲು ಹೋಗುತ್ತಿರುವುದು, ಆಗಲೇ ಇಂಗ್ಲೆಂಡಿಗೆ ಬಂದು ಫೋಸ್ಟರ್ ಮನೆಯಲ್ಲಿ ಕೆಲವು ತಿಂಗಳು ಕಳೆದಿರುವ ಒಂದು ನಾಯಿಯನ್ನು. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ, ಬೇರೆ ಬೇರೆ ದಿನ ಹೋಗಿ, ಮೊದಲ ದಿನ ಸುಮ್ನೆ ನೆಲದ ಮೇಲೆ ಕೂತು ಬನ್ನಿ ಅಂತ ಅವರಿಗೆ ಹೇಳಿಕೊಟ್ಟವಳು ಹತ್ತು ವರ್ಷದ ಮಗಳು. ಈಗ ಅವಳಿಗೆ ಹನ್ನೊಂದು.